ಹಂಚು ಡಬ್ಬ ಹಾಕಿದ ಭಾನುವಾರ

ಬನ್ನಿ, ಹಾಲ್‌ನಲ್ಲಿ ಕೂರಿಸಿ ಉಪಚಾರ ಮಾಡೋಣವೆಂದರೆ ಇವತ್ತು ಪುರಸೊತ್ತಿಲ್ಲ. ನೇರ ಅಡುಗೆಮನೆಗೇ ಬಂದುಬಿಡಿ. ಭಾನುವಾರ, ಬೆಳಗಿನ ಹತ್ತೂವರೆ. ಬೆಂಗಳೂರಿನ ಎರಡನೇ ಮಹಡಿಯ ಮನೆ. ಇಬ್ಬರು ನಿಂತರೆ ಮೂರನೆಯವರು ಫ್ರಿಜ್‌ಗೆ ಒರಗಬೇಕು, ಅಷ್ಟೇ ಜಾಗ. ಆ ಫ್ರಿಜ್‌ನ ಮಗ್ಗುಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತವಳು ನಮ್ಮವ್ವ. ಧಾರವಾಡದಿಂದ ಬಂದು ಹತ್ತು ದಿನವಾಯಿತು. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ, ಕಣ್ಣು ಮಾತ್ರ ನನ್ನ ಕೈ ಮೇಲೆ. ‘ಬರ್ರಿ, ಬರ್ರಿ. ನಿಮ್ಮನ್ನೂ ಕರದಾನೇನು ಈ ಸರ್ಕಸ್ ನೋಡಾಕ?’ ಅಂದದ್ದು ಅವಳೇ, ನಿಮಗೇ.

ಇದು ಶುರುವಾದದ್ದು ಹೋದ ಶನಿವಾರ ರಾತ್ರಿ. ಎಲ್ಲರೂ ಮನೆ ಹತ್ತಿರದ ಹೋಟೆಲಿಗೆ ಹೋಗಿದ್ದೆವು. ವೇಟರ್ ತಟ್ಟೆ ಹಿಡಿದು ಬಂದು ‘ನಾನ್ ಯಾರಿಗೆ?’ ಅಂದ. ‘ನಾನ್!’ ಅಂತ ಮಗಳು ಕೈ ಎತ್ತಿದಳು. ಏಳು ವರ್ಷದವಳ ಈ ಜೋಕಿಗೆ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಿಲ್ ಬಂದಾಗ ನಗು ನಿಂತಿತು. ‘ಒಂದ ರೊಟ್ಟಿಗೆ ಇಷ್ಟ ರೊಕ್ಕೇನ? ಇದರಾಗ ಒಂದ ಕಿಲೋ ಹಿಟ್ಟ ಬರತೈತಿ.’ ನಾನು ಜಂಬದಲ್ಲಿ, ಮುಂದಿನ ಭಾನುವಾರ ಮನೆಯಲ್ಲೇ ಥೇಟ್ ಹೋಟೆಲಿನ ಹಾಗೆ ಮಾಡಿಕೊಡುತ್ತೇನೆ ಅಂದುಬಿಟ್ಟೆ. ಈಗ ತಪ್ಪಿಸಿಕೊಳ್ಳುವಂತಿಲ್ಲ. ಮಗಳು ಅದನ್ನು ಸ್ಕೂಲ್ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.

ಕೈ ತೊಳೆದುಕೊಳ್ಳಿ, ನಿಮಗೂ ಕೆಲಸವಿದೆ. ಈ ಅಗಲದ ಪರಾತದಲ್ಲಿ 400 ಗ್ರಾಂ ಮೈದಾ ಜರಡಿ ಹಿಡಿದಿದ್ದೇನೆ. ಅದಕ್ಕೆ ಒಂದು ಚಮಚ ಉಪ್ಪು, ಎರಡು ಚಮಚ ಸಕ್ಕರೆ, ಒಂದು ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ. ಚಮಚ ಅಂದರೆ ಟೀ ಚಮಚ. ಸೋಡಾ ಹಾಕುವಾಗ ಮಾತ್ರ ಬೆರಳಿಂದ ತಲೆ ಸವರಿ ಹಾಕಿ. ಹೆಚ್ಚಾದರೆ ನಾನ್ ಹಳದಿಗೆ ತಿರುಗುತ್ತದೆ, ಬಾಯಲ್ಲಿ ಸಾಬೂನು ಕಡಿದ ಹಾಗಾಗುತ್ತದೆ. ನಡುವೆ ಗುಳಿ ಮಾಡಿ 100 ಗ್ರಾಂ ಮೊಸರು, ಎರಡು ದೊಡ್ಡ ಚಮಚ ಎಣ್ಣೆ. ಮೊಸರು ಮೊನ್ನೆಯದು, ಹುಳಿ ಹಿಡಿದಿದೆ, ಹಾಗೇ ಇರಬೇಕು. ಹುಳಿಗೂ ಸೋಡಾಕ್ಕೂ ಜಗಳ ಹತ್ತಿದಾಗಲೇ ಗಾಳಿ ಹುಟ್ಟುವುದು. ಬಗ್ಗಿ ನೋಡಿ, ಮೊಸರಿನ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಏಳುತ್ತಿವೆ. ಯೀಸ್ಟ್ ಹಾಕುವವರೂ ಇದ್ದಾರೆ, ಹಾಕಲಿ. ಅದರ ಬನ್ನಿನ ವಾಸನೆ ನನಗೆ ನಾನ್‌ನಲ್ಲಿ ಹಿಡಿಸುವುದಿಲ್ಲ.

ಇನ್ನು ಅರ್ಧ ಹಾಲು, ಅರ್ಧ ನೀರು, ಎರಡೂ ಸೇರಿ 150 ಮಿಲಿಲೀಟರ್, ಬೆರಳಿಗೆ ಹಿತವೆನಿಸುವಷ್ಟು ಬೆಚ್ಚಗೆ. ಸುರಿಯಲು ಕೈ ಎತ್ತುತ್ತಿದ್ದಂತೆ ಹಿಂದಿನಿಂದ ದನಿ:

‘ಎಸರು ಇಟ್ಟೇ ಇಲ್ಲಲ್ಲೋ ತಮ್ಮಾ. ಬೆಚ್ಚನ್ನ ಹಾಲಿನ್ಯಾಗ ಯಾವ ಹಿಟ್ಟು ಕೂಡತೈತಿ?’

ಅವ್ವ ಹೇಳುವುದು ಜೋಳದ ಲೆಕ್ಕ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ, ಆ ಹಿಟ್ಟಿಗೆ ತನ್ನಷ್ಟಕ್ಕೆ ಅಂಟು ಬರುವುದಿಲ್ಲ. ಕುದಿಯುವ ಎಸರು ಬಿದ್ದಾಗ ಅದರ ಪಿಷ್ಟ ಅರೆಬರೆ ಬೆಂದು ಜಿಗಿ ಬರುತ್ತದೆ. ಬಡಿಯುವಾಗ ರೊಟ್ಟಿ ಹರಿಯದಂತೆ ಹಿಡಿದಿಡುವುದು ಆ ಜಿಗಿಯೇ. ಮೈದಾಕ್ಕೆ ಎಸರು ಸುರಿದಿರೋ, ಗ್ಲುಟೆನ್ ಬೆಂದು ಅದರ ಎಳೆತ ಸಾಯುತ್ತದೆ. ಅದಕ್ಕೆ ಬೆಚ್ಚಗಿನದು ಸಾಕು; ನಾದಿಸಿಕೊಂಡಷ್ಟೂ ಒಳಗೊಂದು ರಬ್ಬರಿನಂಥ ಬಲೆ ನೇಯ್ದುಕೊಳ್ಳುತ್ತದೆ, ಗಾಳಿ ನಿಲ್ಲುವುದು ಆ ಬಲೆಯ ಕಣ್ಣುಗಳಲ್ಲಿ. ಇಷ್ಟನ್ನು ನಾನು ಕೈ ತಿರುಗಿಸಿ ತಿರುಗಿಸಿ ವಿವರಿಸಿದೆ. ಅವ್ವ ಒಂದು ಎಸಳು ಸುಲಿದು ತಟ್ಟೆಗೆ ಹಾಕಿದಳು. ‘ಅಂದ್ರ ಇದು ಹುಟ್ಟಾನ ಜಿಗಿ ಕಟಗೊಂಡ ಬಂದೈತಿ.’

ಹೌದು, ಅಷ್ಟೇ.

ಈಗ ನೀವು ನಾದಬೇಕು. ತೋಳು ಮಡಚಿಕೊಳ್ಳಿ. ಮೊದಲ ಎರಡು ನಿಮಿಷ ರಗಳೆ: ಹಿಟ್ಟು ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ, ಉಂಗುರದ ಸಂದಿಗೆ ಹೋಗುತ್ತದೆ, ಸರಿಯಾಗಿ ಅದೇ ಹೊತ್ತಿಗೆ ಮೂಗು ತುರಿಸುತ್ತದೆ. ಒಂದು ಹಿಡಿ ಒಣ ಮೈದಾ ಉದುರಿಸಿಬಿಡೋಣ ಅನ್ನಿಸುತ್ತದೆ. ತಡೆಯಿರಿ. ಮನೆಯ ನಾನ್ ಹಪ್ಪಳದಂತಾಗುವುದು ಈ ಒಂದು ಹಿಡಿಯಿಂದಲೇ. ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ. ಐದನೇ ನಿಮಿಷಕ್ಕೆ ಪರಾತ ತಾನಾಗಿ ಚೊಕ್ಕವಾಗುತ್ತದೆ. ಹತ್ತನೇ ನಿಮಿಷಕ್ಕೆ ಹಿಟ್ಟು ಹೋಳಿಗೆಯ ಕಣಕಕ್ಕಿಂತ ತುಸು ಬಿಗಿ, ಚಪಾತಿ ಹಿಟ್ಟಿಗಿಂತ ಸಡಿಲ. ಬೆರಳಿಂದ ಒತ್ತಿ ನೋಡಿ: ಕುಳಿ ಬಿದ್ದು, ನಿಧಾನಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ ಮೇಲೇಳುತ್ತದೆ. ಸಾಕು. ಎಣ್ಣೆ ಸವರಿ ಒದ್ದೆ ಬಟ್ಟೆ ಮುಚ್ಚಿ. ಎರಡು ತಾಸು ಅದನ್ನು ಮರೆತುಬಿಡಿ.

ನಾದಿದ ಹಿಟ್ಟು ಈಗ ಸಿಟ್ಟಿನಲ್ಲಿದೆ. ಎಳೆದರೆ ಎಳೆದಷ್ಟೂ ಕುಗ್ಗುತ್ತದೆ. ಹೋಳಿಗೆಯ ಕಣಕವನ್ನು ನೆನೆಯಲು ಬಿಡುವುದು ಯಾಕೋ, ಇದೂ ಅದಕ್ಕೇ.

ಈ ಬಿಡುವಿನಲ್ಲಿ ನಿಮ್ಮನ್ನು ಆ ಶನಿವಾರದ ಹೋಟೆಲಿಗೆ ಕರೆದೊಯ್ಯುತ್ತೇನೆ. ತಂದೂರಿನ ಮುಂದೆ ಗಾಜಿನ ಗೋಡೆ. ಮಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದಾಳೆ, ಅವಳ ತಲೆಯ ಮೇಲಿಂದ ನಾನು ಇಣುಕುತ್ತಿದ್ದೇನೆ. ಹೊರಗಿಂದ ಸ್ಟೀಲ್ ಪೆಟ್ಟಿಗೆ, ಒಳಗೆ ಹೂತಿಟ್ಟ ಮಣ್ಣಿನ ಗುಡಾಣ, ತಳದಲ್ಲಿ ಇದ್ದಿಲ ಕೆಂಡ. ಮಾಡುವವನ ಹತ್ತಿರ ಲಟ್ಟಣಿಗೆ ಇಲ್ಲ. ಉಂಡೆಯನ್ನು ಒತ್ತಿ ಅಗಲಿಸಿ, ಆ ಕೈಯಿಂದ ಈ ಕೈಗೆ ಪಟಪಟ ಬಡಿದು ಹಾರಿಸುತ್ತಾನೆ. ಅಲ್ಲೇ ಅದು ಬೆಳೆಯುತ್ತದೆ. ತುದಿ ಹಿಡಿದು ಒಂದು ಸಲ ಜಗ್ಗಿದರೆ ಕಣ್ಣೀರ ಹನಿಯ ಆಕಾರ. ದುಂಡನೆಯ ಬಟ್ಟೆ ಮೆತ್ತೆಯೊಂದಿದೆ, ಗದ್ದಿ ಅನ್ನುತ್ತಾರೆ. ನಾನ್ ಅದರ ಮೇಲೆ ಹರಡಿ, ಒದ್ದೆ ಕೈ ಆಡಿಸಿ, ತೋಳು ಗುಡಾಣದೊಳಕ್ಕೆ ಇಳಿಸಿ ಗೋಡೆಗೆ ಅಪ್ಪಳಿಸಿ, ಕೈ ಹೊರಗೆ. ಎಲ್ಲ ಸೇರಿ ಎರಡು ಸೆಕೆಂಡ್ ಆಗಲಿಕ್ಕಿಲ್ಲ. ಮುಂಗೈಯಲ್ಲಿ ಒಂದೇ ಒಂದು ಕೂದಲಿಲ್ಲ, ಗಮನಿಸಿದೆ. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಎರಡು ಕಂಬಿ ಇಳಿಸಿ, ಒಂದರಿಂದ ಕೆತ್ತಿ ಇನ್ನೊಂದರ ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಉಬ್ಬಿದ, ಚುಕ್ಕೆ ಬಿದ್ದ ನಾನ್ ಹೊರಗೆ.

ಆ ಗೋಡೆಯ ಬಿಸಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಬೆನ್ನಿಗೆ ಮಣ್ಣಿನ ಕಾವು, ಮುಖಕ್ಕೆ ಕೆಂಡದ ಝಳ, ಸುತ್ತ ಕಾದ ಗಾಳಿ. ಹಿಟ್ಟಿನೊಳಗಿನ ನೀರು ಒಮ್ಮೆಗೇ ಹಬೆಯಾಗುತ್ತದೆ. ನೀರು ಹಬೆಯಾದರೆ ಸಾವಿರದಾರುನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಒಳಗೆ ಒಣಗುವ ಮೊದಲೇ ಹೊರಗೆ ಕಪ್ಪಾಗಿ ಮುಗಿದಿರುತ್ತದೆ ಕೆಲಸ. ಹೋಟೆಲಿನ ನಾನ್‌ನ ಗುಟ್ಟೆಂದು ಏನಾದರೂ ಇದ್ದರೆ ಈ ಆತುರವೇ. ಮಸಾಲೆಯಲ್ಲ, ಹಿಟ್ಟಿನ ಬ್ರಾಂಡ್ ಅಂತೂ ಅಲ್ಲವೇ ಅಲ್ಲ.

ಹಾಗೆ ನೋಡಿದರೆ ಇದು ಯಾರ ಮನೆಯ ಒಲೆಯದೂ ಅಲ್ಲ. ಪಂಜಾಬಿನ ಹಳ್ಳಿಗಳಲ್ಲಿ ತಂದೂರು ಇಡೀ ಓಣಿಗೆ ಒಂದು, ಸಾಂಝಾ ಚೂಲ್ಹಾ. ಹೆಂಗಸರು ಕಲಸಿದ ಹಿಟ್ಟು ತಂದು ಸರದಿಯಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದರು. ನಾನ್ ಮಾಡಿ ಮಾರುವವರೇ ಬೇರೆ, ಅವರಿಗೆ ನಾನ್‌ಬಾಯಿ ಎಂದೇ ಹೆಸರು. ದೇಶ ಇಬ್ಭಾಗವಾದಾಗ ಪೇಶಾವರದ ಕಡೆಯಿಂದ ಬಂದ ಕುಂದನ್ ಲಾಲ್ ಗುಜ್ರಾಲ್ ಮತ್ತು ಜೊತೆಗಾರರು 1947ರಲ್ಲಿ ದೆಹಲಿಯ ದರಿಯಾಗಂಜ್‌ನಲ್ಲಿ ಮೋತಿ ಮಹಲ್ ತೆರೆದರು. ತಂದೂರು ಹೋಟೆಲಿನ ಅಡುಗೆಮನೆ ಹೊಕ್ಕು ಊರೂರಿಗೆ ಹೆಸರಾದದ್ದರಲ್ಲಿ ಅವರ ಪಾಲು ದೊಡ್ಡದು. ಅಂದಹಾಗೆ ನಾನ್ ಅಂದರೆ ಪಾರ್ಸಿಯಲ್ಲಿ ರೊಟ್ಟಿ ಎಂದೇ ಅರ್ಥ. ಬಿಲ್ ನೋಡಿ ‘ಒಂದ ರೊಟ್ಟಿಗೆ’ ಅಂದ ಅವ್ವ ತಪ್ಪೇನೂ ಹೇಳಿರಲಿಲ್ಲ.

ಹನ್ನೆರಡೂ ಮುಕ್ಕಾಲು. ಬಟ್ಟೆ ತೆಗೆಯಿರಿ. ಹಿಟ್ಟು ಉಬ್ಬಿ ದುಪ್ಪಟ್ಟಾಗಿಲ್ಲ, ಅದು ಯೀಸ್ಟ್‌ನ ಲಕ್ಷಣ. ಇದು ಸುಮ್ಮನೆ ಮೈ ಸಡಿಲ ಬಿಟ್ಟು ಮಲಗಿದೆ. ಎಂಟು ಉಂಡೆ ಮಾಡಿ, ಒಂದೊಂದೂ ಎಂಬತ್ತು ಗ್ರಾಂನಷ್ಟು. ಅಂಗೈಗೆ ಎಣ್ಣೆ ಹಚ್ಚಿಕೊಂಡು ತಟ್ಟಿ, ಬೇಕಿದ್ದರೆ ಲಟ್ಟಣಿಗೆಯನ್ನು ಎರಡು ಸಲ ಮೆಲ್ಲಗೆ ಆಡಿಸಿ. ಚಪಾತಿಯಂತೆ ತೆಳ್ಳಗೆ ಮಾಡಬೇಡಿ. ಮೇಲೆ ನಾಲ್ಕು ಕಾಳು ಕಲೋಂಜಿ ಒತ್ತಿ.

ಈಗ ಒಲೆ. ನಮ್ಮ ಉಪಾಯ ಸರಳ: ನಾನ್‌ನ ಒಂದು ಬದಿಗೆ ನೀರು ಸವರಿ, ಆ ಬದಿಯನ್ನೇ ಕಾದ ಕಬ್ಬಿಣಕ್ಕೆ ಅಂಟಿಸುವುದು, ಮೇಲೆ ಗುಳ್ಳೆ ಎದ್ದ ಮೇಲೆ ಕಬ್ಬಿಣವನ್ನೇ ಎತ್ತಿ ಬೆಂಕಿಯ ಮುಖಕ್ಕೆ ಬೋರಲು ಹಿಡಿಯುವುದು. ಗೋಡೆಯ ಬದಲು ಕಬ್ಬಿಣ, ಕೆಂಡದ ಬದಲು ಗ್ಯಾಸ್. ಇಂಡಕ್ಷನ್ ಒಲೆಯಲ್ಲಿ ಇದು ಆಗುವ ಮಾತಲ್ಲ. ನಾನ್‌ಸ್ಟಿಕ್ ಅಂತೂ ಮುಟ್ಟಲೇಬೇಡಿ. 260 ಡಿಗ್ರಿ ದಾಟಿದರೆ ಆ ಲೇಪ ಕೆಡಲು ಶುರು, ಅದರ ಹೊಗೆ ಒಳ್ಳೆಯದಲ್ಲ. ಅಂಟಬಾರದೆಂದೇ ಹುಟ್ಟಿದ ಬಾಣಲೆಗೆ ನಾನ್ ಅಂಟಿಸಲು ಹೋಗುವುದೂ ತಮಾಷೆಯೇ.

ದೋಸೆಯ ಕಾವಲಿ ಇಟ್ಟಿದ್ದೇನೆ. ಎರಕದ ಕಬ್ಬಿಣ, ಉದ್ದ ಹಿಡಿ, ಚೆನ್ನಾಗಿ ಪಳಗಿದೆ, ಕನ್ನಡಿ ಹಾಗೆ ಹೊಳೆಯುತ್ತದೆ. ಐದು ನಿಮಿಷ ಕಾಯಿಸಿದೆ. ನೀರು ಚಿಮುಕಿಸಿದರೆ ಹನಿಗಳು ಮುತ್ತಾಗಿ ಓಡಾಡುತ್ತಿವೆ. ಮಗಳು ಬಾಗಿಲಲ್ಲಿ ನಿಂತಿದ್ದಾಳೆ. ನೀರು ಸವರಿದ ಬದಿ ಕೆಳಗೆ ಮಾಡಿ ಹಾಕಿದೆ: ಚುಂಯ್! ಅರ್ಧ ನಿಮಿಷಕ್ಕೆ ಮೇಲೆ ಗುಳ್ಳೆ, ಒಂದು, ಮೂರು, ಹತ್ತು. ಉರಿ ಏರಿಸಿದೆ. ಹಿಡಿಗೆ ಬಟ್ಟೆ ಸುತ್ತಿ ಕಾವಲಿ ಎತ್ತಿದೆ. ತಿರುಗಿಸಿದೆ.

‘ಅಪ್ಪಾ, ಬೀಳ್ತು!’

ಧೊಪ್ಪನೆ ಬರ್ನರ್ ಮೇಲೆ. ನೀಲಿ ಉರಿ ಹಳದಿಯಾಗಿ, ಮೈದಾ ಸುಟ್ಟ ಹೊಗೆ ಎದ್ದು, ನೀವು ಕಿಟಕಿ ತೆರೆಯುವಷ್ಟರಲ್ಲಿ ನಾನು ಗ್ಯಾಸ್ ಆರಿಸಿ ಇಕ್ಕಳದಿಂದ ಅದನ್ನು ಎಳೆಯುತ್ತಿದ್ದೇನೆ. ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ ಹಿಟ್ಟು. ಬರ್ನರ್‌ನ ತೂತುಗಳಲ್ಲೆಲ್ಲ ಅಂಟು. ಸೇಫ್ಟಿ ಪಿನ್ ಹುಡುಕಿ, ಅದನ್ನೆಲ್ಲ ಕೆದಕಿ, ಒರೆಸಿ, ಮತ್ತೆ ಹಚ್ಚುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಅಷ್ಟೂ ಹೊತ್ತು ಅವ್ವ ಮಾತಾಡಲಿಲ್ಲ. ಮಾತಾಡದೆ ಇದ್ದದ್ದೇ ಹೆಚ್ಚು ಉರಿಯಿತು.

ಆಮೇಲೆ ಎದ್ದಳು. ಕಾವಲಿಯ ಕಡೆ ಗಲ್ಲ ತೋರಿಸಿ, ‘ಎಣ್ಣಿ ಕುಡದ ಹಂಚಿಗೆ ನೀರು ಹತ್ತೀತೇನು?’ ಅಂದಳು.

ಕಾರಣ ಅದೇ. ನಾನ್ ಗೋಡೆಗೆ ಅಂಟುವುದು ಗಂಜಿಯ ಬಲದಿಂದ. ಒದ್ದೆ ಮೈದಾ ಕಾದ ಮೇಲ್ಮೈಗೆ ತಾಗಿದಾಗ ಅಲ್ಲೇ ಬೆಂದು ಅಂಟಾಗುತ್ತದೆ. ಸಿನಿಮಾ ಪೋಸ್ಟರ್ ಅಂಟಿಸುವವರು ಬಕೆಟ್ಟಿನಲ್ಲಿ ಒಯ್ಯುವ ಮೈದಾ ಸರಿ ಇದೆಯಲ್ಲ, ಅದೇ. ಎಣ್ಣೆ ಬಳಿದ ಗೋಡೆಗೆ ಪೋಸ್ಟರ್ ನಿಲ್ಲುತ್ತದೆಯೇ? ದೋಸೆ ಏಳಲೆಂದು ವರ್ಷಗಟ್ಟಲೆ ಎಣ್ಣೆ ಕುಡಿಸಿ ಪಳಗಿಸಿದ ಕಾವಲಿ ತನ್ನ ಕೆಲಸ ತಾನು ಮಾಡಿತು, ಪಾಪ.

ಅವ್ವ ಸಿಂಕಿನ ಮೇಲಿನ ಮೊಳೆಯಿಂದ ತನ್ನ ರೊಟ್ಟಿ ಹಂಚು ಇಳಿಸಿದಳು. ನಾನು ಸಂಸಾರ ಹೂಡಿದಾಗ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಕಬ್ಬಿಣದ್ದು, ಉದ್ದ ಹಿಡಿ, ನಡುವೆ ತುಸು ತಗ್ಗು. ಮೈಯೆಲ್ಲ ಬೂದುಗಪ್ಪು, ಹೊಳಪೇ ಇಲ್ಲ, ಬೆರಳಾಡಿಸಿದರೆ ತರಿತರಿ. ಅವಳು ಬಂದಾಗ ಮಾತ್ರ ಒಲೆ ಏರುತ್ತದೆ. ಇಷ್ಟು ವರ್ಷದಲ್ಲಿ ಅದಕ್ಕೆ ಒಂದು ತೊಟ್ಟು ಎಣ್ಣೆ ಮುಟ್ಟಿಲ್ಲ, ಮುಟ್ಟಿಸಲು ಅವಳು ಬಿಟ್ಟಿಲ್ಲ. ಬೆಳಗ್ಗೆ ನನ್ನ ಕಣ್ಣು ಅದರ ಮೇಲೆ ಹೋಗಿರಲಿಲ್ಲ ಅಂತಲ್ಲ. ಕೇಳುವ ಧೈರ್ಯ ಇರಲಿಲ್ಲ.

‘ಬೆಣ್ಣಿ ಮಾತ್ರ ಇದರ ಮ್ಯಾಲೆ ಹಚ್ಚಬ್ಯಾಡ. ಇಳಿಸಿ ಹಚ್ಚು.’

ಹಂಚು ಕಾಯಿತು. ಬೆಳಗ್ಗೆ ರೊಟ್ಟಿಗೆ ಬಳಸಿದ ಒದ್ದೆ ಬಟ್ಟೆ ಅವ್ವನ ಕೈಯಲ್ಲೇ ಇದೆ. ಜೋಳದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲ್ಮೈಗೆ ಈ ಬಟ್ಟೆಯಿಂದ ನೀರು ಒರೆಸುತ್ತಾರೆ; ಒಣ ಹಿಟ್ಟು ಹೋಗಿ ರೊಟ್ಟಿ ಬಿರಿಯದೆ ಬೇಯುತ್ತದೆ. ಅಲ್ಲಿ ನೀರು ಮೇಲೆ, ಇಲ್ಲಿ ಕೆಳಗೆ. ನಾನು ಬೆರಳಿಂದ ನೀರು ಚಿಮುಕಿಸಲು ಹೊರಟರೆ ಅವಳು ನಾನ್ ಕಸಿದುಕೊಂಡು, ಬಟ್ಟೆಯನ್ನು ಅಂಚಿನಿಂದ ಅಂಚಿಗೆ ಒಂದೇ ಸಲ ಎಳೆದಳು. ಒಂದು ಚುಕ್ಕೆಯೂ ಒಣ ಉಳಿಯಲಿಲ್ಲ. ‘ಹಾಕು.’

ಚುಂಯ್ ಅನ್ನಲಿಲ್ಲ ಈ ಸಲ. ದಪ್ಪ ದನಿಯಲ್ಲಿ ಹಿಸ್ಸೆಂದು, ತಕ್ಷಣ ಸುಮ್ಮನಾಯಿತು. ಹತ್ತಿ ಕೂತಿತು. ಅಂಚುಗಳನ್ನು ಬೆರಳ ತುದಿಯಿಂದ ಒತ್ತಿದೆ. ಗುಳ್ಳೆ ಏಳುತ್ತಿವೆ, ಮೊದಲು ನಡುವೆ, ಆಮೇಲೆ ಅಂಚಿಗೆ. ಎರಡು ಗುಳ್ಳೆ ಸೇರಿ ಒಂದು ದೊಡ್ಡ ಗುಮ್ಮಟ. ಹಂಚು ಎತ್ತಿದೆ. ನೀವು ಮಗಳನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಿರಿ, ಒಳ್ಳೆಯದಾಯಿತು. ಬೋರಲು ಹಾಕಿದೆ.

ಬೀಳಲಿಲ್ಲ.

‘ಅಜ್ಜೀ, ಬಾವಲಿ ಥರ ನೇತಾಡ್ತಿದೆ!’

ಉರಿಯಿಂದ ಮೂರು ಬೆರಳು ಮೇಲೆ ಹಿಡಿದು, ತೊಟ್ಟಿಲು ತೂಗಿದ ಹಾಗೆ ಆಡಿಸಬೇಕು. ಒಂದೇ ಕಡೆ ನಿಂತಿರೋ, ಅಲ್ಲಿ ಕಪ್ಪು, ಉಳಿದ ಕಡೆ ಬಿಳಿಚು. ಹದಿನೈದು ಸೆಕೆಂಡಿಗೆ ಗುಮ್ಮಟಗಳ ನೆತ್ತಿ ಕೆಂಪು, ಇಪ್ಪತ್ತಕ್ಕೆ ಕಂದು, ಮೂವತ್ತಕ್ಕೆ ಅಲ್ಲಲ್ಲಿ ಚಿರತೆಯ ಚುಕ್ಕೆ. ಆಗ ಏಳುವ ವಾಸನೆ ನೋಡಿ: ಸುಟ್ಟ ಗೋಧಿ, ಕಾದ ಹಾಲು, ಅದರ ಹಿಂದೆ ಸಣ್ಣ ಹುಳಿ. ಮಣಿಕಟ್ಟು ಮಾತ್ರ ನಡುಗುತ್ತಿದೆ. ಹಂಚು ಒಂದೂವರೆ ಕಿಲೋ ಇದ್ದೀತು. ಹಂಚನ್ನು ನೆಟ್ಟಗೆ ಮಾಡಿ ಒಲೆಗಿಟ್ಟು ಮಗುಚುವ ಕೈ ತೂರಿಸಿದರೆ ಬರುತ್ತಿಲ್ಲ, ನಡುವೆ ಕಚ್ಚಿದೆ. ಒತ್ತಿ ಕೆತ್ತಬೇಕು ಅನ್ನುವಷ್ಟರಲ್ಲಿ ಅವ್ವ ಕೈ ಹಿಡಿದಳು.

‘ಅವಸರ ಮಾಡಬ್ಯಾಡ. ಅಂಚಿನ್ಯಾಗ ಹಬೆ ಐತಿ ನೋಡು, ಇನ್ನಾ ಹಸಿ ಐತಿ. ಹಬೆ ನಿಂತ ಮ್ಯಾಲೆ ತಾನ ಬಿಡತೈತಿ.’

ಎಣಿಸಿದೆ. ಹತ್ತಕ್ಕೆ ಹಬೆ ನಿಂತಿತು. ಹನ್ನೆರಡಕ್ಕೆ ನಾನ್ ಅಲುಗಿತು. ಕೆಳಗಿನ ನೀರು ಆರಿದರೆ ಗಂಜಿ ಗರಿಗರಿ ಪೊರೆಯಾಗಿ ಕಬ್ಬಿಣವನ್ನು ತಾನೇ ಬಿಡುತ್ತದೆ. ಅವ್ವ ಜನ್ಮದಲ್ಲಿ ತಂದೂರಿನ ಮುಂದೆ ನಿಂತವಳಲ್ಲ. ನೀರು ಕಬ್ಬಿಣದ ಮೇಲೆ ಯಾವಾಗ ಮುಗಿಯುತ್ತದೆ ಅನ್ನುವುದು ಮಾತ್ರ ಅವಳಿಗೆ ಐವತ್ತು ವರ್ಷದಿಂದ ಗೊತ್ತು.

ಬೆಣ್ಣೆ ನಿಮ್ಮ ಪಾಲಿನ ಕೆಲಸ. ತಟ್ಟೆಗೆ ಇಳಿಸಿದ ಮೇಲೆಯೇ, ನೆನಪಿರಲಿ. ಬೆಳ್ಳುಳ್ಳಿ ಕೊಚ್ಚಿ ಅದರಲ್ಲೇ ಬೆರೆಸಿದ್ದೇನೆ. ಹಸಿ ಬೆಳ್ಳುಳ್ಳಿಯನ್ನು ಮೊದಲೇ ನಾನ್ ಮೇಲೆ ಒತ್ತಿ ಉರಿಗೆ ಹಿಡಿದರೆ ಸೀದು ಕಹಿಯಾಗುತ್ತದೆ. ಎರಡನೆಯದು, ಮೂರನೆಯದು ಹೇಗಾಯಿತೋ ಗೊತ್ತಾಗಲಿಲ್ಲ. ಅವ್ವ ಬಟ್ಟೆ ಎಳೆಯುವುದು, ನಾನು ಹಾಕುವುದು, ತಿರುಗಿಸುವುದು, ನೀವು ಬೆಣ್ಣೆ ಸವರುವುದು. ಐದನೆಯದರಲ್ಲಿ ಗುಮ್ಮಟವೊಂದು ಒಡೆದು ಬಿಸಿ ಹಬೆ ಬೆರಳಿಗೆ ಬಡಿಯಿತು, ನಲ್ಲಿ ನೀರಿಗೆ ಹಿಡಿದೆ, ಮುಂದುವರಿಸಿದೆ. ಕೊನೆಯ ಉಂಡೆಯನ್ನು ಅವ್ವ ಕೇಳಿ ಇಸಿದುಕೊಂಡು, ಮಣೆಯ ಮೇಲೆ ರೊಟ್ಟಿಯಂತೆ ಬಡಿದು ನೋಡಿದಳು. ಬಡಿದಷ್ಟೂ ಅದು ಒಳಕ್ಕೆ ಮುದುಡಿತು. ‘ಹೇಳಿದ ಮಾತ ಕೇಳಂಗಿಲ್ಲ ಇದು. ನಿನ್ನ ಹಂಗ’ ಅಂತ ನನಗೇ ಕೊಟ್ಟಳು.

ಹೋಟೆಲಿನದೇ ಆಯಿತೇ? ಇಲ್ಲ, ಸುಳ್ಳು ಹೇಳುವುದಿಲ್ಲ. ಇದ್ದಿಲ ವಾಸನೆ ಇಲ್ಲ. ಅದು ಗ್ಯಾಸ್ ತಂದೂರಿಟ್ಟ ಹೋಟೆಲಿನಲ್ಲೂ ಇರುವುದಿಲ್ಲ ಅನ್ನಿ. ಆದರೆ ಹರಿದು ನೋಡಿ: ಮೇಲೆ ತೆಳ್ಳನೆ ಸುಟ್ಟ ಪೊರೆ, ಒಳಗೆ ದಾರದಂತೆ ಎಳೆ ಬರುವ ಮೆತ್ತನೆ, ಕೆಳಗೆ ಗರಿ. ಬದನೆಕಾಯಿ ಎಣ್ಣೆಗಾಯಿಯಲ್ಲಿ ಅದ್ದಿ. ಶೇಂಗಾ ಪುಡಿಯ ಆ ದಪ್ಪ ರಸ ಎಳೆಗಳ ನಡುವೆ ನುಗ್ಗುತ್ತದೆ. ಮಗಳು ಎರಡೂವರೆ ತಿಂದು, ಡೈರಿ ತಂದು ಗುರುತು ಹಾಕಿಕೊಂಡಳು.

ಅವ್ವ ಒಂದು ತಿಂದಳು. ‘ಬಿಸಿ ಇದ್ದಾಗ ಛಲೋ ಐತಿ’ ಅಂದಳು. ಇನ್ನರ್ಧ ತಟ್ಟೆಯಲ್ಲೇ ಬಿಟ್ಟು, ಮಾತಾಡುತ್ತ ಹತ್ತು ನಿಮಿಷ ಬಿಟ್ಟು ಎಳೆದಳು. ಬಗ್ಗಿತು, ಹರಿಯಲಿಲ್ಲ. ಚಪ್ಪಲಿಯ ಪಟ್ಟಿಯ ಹಾಗೆ. ಅವಳು ಏನೂ ಹೇಳಲಿಲ್ಲ. ಧಾರವಾಡದಿಂದ ತಂದ ಖಡಕ್ ರೊಟ್ಟಿಯ ಡಬ್ಬಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ.

ನೀವು ಕೈ ತೊಳೆದು ಬರುವಷ್ಟರಲ್ಲಿ ಅವ್ವ ಅಡುಗೆಮನೆ ಸೇರಿದ್ದಾಳೆ. ಆರಿದ ಹಂಚಿನ ಮೇಲೆ ಬೆರಳು ಎಳೆದು, ಮೂಗಿಗೆ ಹಿಡಿದು, ಇನ್ನೊಂದು ಸಲ ಎಳೆದು ನೋಡುತ್ತಿದ್ದಾಳೆ. ಬೆಣ್ಣೆ ಹತ್ತಿಲ್ಲ. ಹಂಚು ನೆಟ್ಟಗೆ ಒಲೆ ಏರಿತು. ಪಕ್ಕದ ಒಲೆಗೆ ಪಾತ್ರೆಯಲ್ಲಿ ಎಸರು.

‘ಕೂಡ್ರಿ, ಎರಡ ರೊಟ್ಟಿ ಬಡೀತೀನಿ’ ಎಂದು ನಿಮ್ಮ ಕಡೆ ತಿರುಗಿದಳು. ‘ಇದನ್ನ ತಿಂದ ಹೊಟ್ಟಿ ಎಲ್ಲಿ ತುಂಬತೈತಿ?’